ಎಣಿಕೆಯಕ್ಕನ ಖಾಲಿ ರಕ್ತ

"ಸತ್ತವರು ಕಣ್ಣಿಗೆ ಬೀಳೋದಿಲ್ಲ, ಬದುಕಿರೋರನ್ನೇ ಎಣಿಸಬೇಕು" ಎಂದು ಎಣಿಕೆಯಕ್ಕ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹೇಳುತ್ತಿದ್ದಳು. ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು. ಅವಳು ಹೇಳುತ್ತಿದ್ದುದು ರೋಗಾಣುಗಳ ಮಾತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಇವತ್ತು ಒಂದು ಹನಿ ಸವರಿಟ್ಟರೆ, ಆ ಹನಿಯಲ್ಲಿ ಬದುಕಿದ್ದ ಒಂದೊಂದು ರೋಗಾಣುವೂ ನಾಳೆ ಬೆಳಿಗ್ಗೆಯ ಹೊತ್ತಿಗೆ ಒಂದೊಂದು ಚುಕ್ಕೆಯಾಗಿ ಬೆಳೆದಿರುತ್ತದೆ. ತಟ್ಟೆಯನ್ನು ಬೋರಲು ಹಾಕಿ, ಬೆನ್ನ ಮೇಲೆ ಪೆನ್ನಿನಿಂದ ಗುರುತು ಹಾಕುತ್ತ, ಎಡಗೈಯ ಟಿಕ್ ಟಿಕ್ ಯಂತ್ರ ಒತ್ತುತ್ತ ಅವಳು ಹತ್ತೊಂಬತ್ತು ವರ್ಷ ಚುಕ್ಕೆ ಎಣಿಸಿದ್ದಳು. ಎಣಿಸುವ ಯಂತ್ರವೊಂದನ್ನು ತರಿಸಿದ್ದರು. ಅಂಟಿಕೊಂಡ ಎರಡು ಚುಕ್ಕೆಗಳನ್ನು ಅದು ಒಂದೆಂದು ಎಣಿಸುತ್ತಿತ್ತು. ಈಗ ಅದರ ಮೇಲೆ ಎಲ್ಲರೂ ಊಟದ ಡಬ್ಬಿ ಇಡುತ್ತಾರೆ.

ಆ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದುದು ಒಂದೇ ಒಂದು ಲಸಿಕೆ, ಒಂದೇ ಒಂದು ರೋಗಾಣುವಿನ ವಿರುದ್ಧ. ಆ ರೋಗಾಣುವಿಗೆ ಪುಸ್ತಕದಲ್ಲಿ ಮಾರುದ್ದದ ಹೆಸರಿತ್ತು. ಇಲ್ಲಿ ಅದಕ್ಕೆ ಮೊಂಡ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಎರಡು ಮಾತ್ರೆಗೆ ಬಾಲ ಮುದುರುತ್ತಿದ್ದ ಪ್ರಾಣಿ ಅದು. ಕೆಮ್ಮಿದರೂ ಮಾತ್ರೆ, ಸೀನಿದರೂ ಮಾತ್ರೆ ನುಂಗುವ ನಮ್ಮ ದೊಡ್ಡಸ್ತಿಕೆಯಿಂದ ಒಂದೊಂದೇ ಮದ್ದನ್ನು ಅರಗಿಸಿಕೊಂಡು ಈಗ ಯಾವುದಕ್ಕೂ ಜಗ್ಗದಂತಾಗಿತ್ತು. ಮದ್ದಿನಿಂದ ಸಾಯದವನನ್ನು ಮೈಯೇ ಕೊಲ್ಲಲಿ, ಅದಕ್ಕೆ ಮೈಗೆ ಮೊದಲೇ ಪಾಠ ಹೇಳಿಕೊಡೋಣ ಎಂಬುದು ಲಸಿಕೆಯ ಲೆಕ್ಕಾಚಾರ.

ಪಾಠ ಮೈಗೆ ಹತ್ತಿತೋ ಇಲ್ಲವೋ ಎಂದು ನೋಡುವ ಪರೀಕ್ಷೆಯೇ ಎಣಿಕೆಯಕ್ಕನದು. ರಕ್ತ ಹೆಪ್ಪುಗಟ್ಟಿದ ಮೇಲೆ ಹಳದಿ ನೀರಿನಂಥದ್ದು ಮೇಲೆ ನಿಲ್ಲುತ್ತದಲ್ಲ, ಅದನ್ನು ಅಲ್ಲಿ ತಿಳಿ ಎನ್ನುತ್ತಿದ್ದರು. ತಿಳಿಯಲ್ಲಿ ಎರಡು ಬಗೆಯ ಕೆಲಸಗಾರರಿರುತ್ತಾರೆ. ಒಬ್ಬ ಶತ್ರುವನ್ನು ಗುರುತು ಹಿಡಿದು ತೋರಿಸುವವನು, ಇನ್ನೊಬ್ಬ ತೋರಿಸಿದ ಕಡೆ ಹೊಡೆಯುವವನು. ಹೊಡೆಯುವವನು ಹುಟ್ಟಿದಾಗಿನಿಂದ ಎಲ್ಲರ ರಕ್ತದಲ್ಲೂ ಇದ್ದಾನೆ, ಆದರೆ ಕುರುಡ. ಗುರುತು ಹಿಡಿಯುವವನನ್ನು ತಯಾರು ಮಾಡುವುದು ಲಸಿಕೆಯ ಕೆಲಸ. ಲಸಿಕೆ ಹಾಕಿಸಿಕೊಂಡ ಸ್ವಯಂಸೇವಕರ ತಿಳಿಯನ್ನು ಬೆಚ್ಚಗೆ ಮಾಡಿದರೆ ಅದರೊಳಗಿನ ಹೊಡೆಯುವವನು ಸಾಯುತ್ತಾನೆ, ಗುರುತು ಹಿಡಿಯುವವನು ಉಳಿಯುತ್ತಾನೆ. ಅದರೊಳಕ್ಕೆ ಮೊಂಡನನ್ನು ಬಿಟ್ಟು, ಹೊಡೆಯುವವನನ್ನು ಬೇರೊಬ್ಬರ ತಿಳಿಯಿಂದ ಸೇರಿಸಬೇಕು. ಮೊಂಡ ಸತ್ತರೆ ಲಸಿಕೆ ಗೆದ್ದಂತೆ.

ಆ ಬೇರೊಬ್ಬರ ತಿಳಿಯಲ್ಲಿ ಮೊಂಡನ ಗುರುತು ಹಿಡಿಯುವವನು ಒಬ್ಬನೂ ಇರಬಾರದು. ಇದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೊಂದವರು ಯಾರು, ಲಸಿಕೆಯೋ ಈ ತಿಳಿಯೋ, ತಿಳಿಯುವುದಿಲ್ಲ. ಹಾಗಾಗಿ ಅದಕ್ಕೆ ಖಾಲಿ ತಿಳಿ ಎಂದು ಹೆಸರು, ಅದನ್ನು ಕೊಡುವವರು ಮೊಂಡನ ಗಾಳಿಯೂ ಸೋಕದವರಾಗಿರಬೇಕು.

ಅಂಥವರು ಅಲ್ಲಿ ನಾಲ್ವರಿದ್ದರು. "ತಲೆ ಖಾಲಿ, ಜೇಬು ಖಾಲಿ, ಈಗ ರಕ್ತನೂ ಖಾಲಿ ಅಂತ ಸರ್ಟಿಫಿಕೇಟ್ ಸಿಕ್ತು" ಎಂದು ಉಗ್ರಾಣದವನು ನಗಿಸುತ್ತಿದ್ದ. ವರ್ಷಕ್ಕೆರಡು ಸಲ ನಾಲ್ವರೂ ಸಾಲಾಗಿ ತೋಳು ಚಾಚಿ ರಕ್ತ ಕೊಟ್ಟು, ಬಿಸ್ಕತ್ತು ತಿಂದು, ಅರ್ಧ ದಿನ ರಜೆ ಹಾಕಿ ಮನೆಗೆ ಹೋಗುತ್ತಿದ್ದರು. ಆಮೇಲೆ ಒಬ್ಬಳು ಬಸುರಿಯಾದಳು. ಒಬ್ಬ ಬೇರೆ ಊರಿಗೆ ವರ್ಗವಾದ. ಉಗ್ರಾಣದವನ ರಕ್ತದಲ್ಲಿ ಈ ವರ್ಷ ಎಲ್ಲಿಂದಲೋ ಗುರುತು ಹಿಡಿಯುವವರು ಕಾಣಿಸಿಕೊಂಡರು. ಅವನು ಆಟದಿಂದ ಹೊರಗೆ ಹಾಕಿದವನ ಹಾಗೆ ಮುಖ ಊದಿಸಿಕೊಂಡು ಓಡಾಡಿದ. ಉಳಿದವಳು ಎಣಿಕೆಯಕ್ಕ ಒಬ್ಬಳೇ. ಏಪ್ರಿಲ್ ತಿಂಗಳಲ್ಲಿ ಎರಡು ವಾರದ ಅಂತರದಲ್ಲಿ ಎರಡು ಸಲ ರಕ್ತ ಕೊಟ್ಟಳು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು, ಯಾಕೆ ಸುಳ್ಳು ಹೇಳಬೇಕು. ಪದವಿ ಪಡೆದ ಮೂವತ್ತು ಜನ ಓಡಾಡುವ ಕಡೆ ಅವಳ ರಕ್ತವಿಲ್ಲದೆ ಒಂದು ಪರೀಕ್ಷೆಯೂ ನಡೆಯುತ್ತಿರಲಿಲ್ಲ.

ಇನ್ನು ಅವಳ ತಾಯಿಯ ವಿಷಯ ಹೇಳಬೇಕು.

ತಾಯಿ ಮಗಳು ಇಬ್ಬರೇ ಇದ್ದ ಮನೆ ಅದು, ಎರಡನೇ ಮಹಡಿಯಲ್ಲಿ. ತಾಯಿ ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಕಂಠ ಮಾತ್ರ ಡ್ಯೂಟಿಯಲ್ಲೇ ಇತ್ತು. ಮೆಟ್ಟಿಲ ಮೇಲೆ ಯಾರಾದರೂ ನಿಂತು ಹರಟಿದರೆ "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಗದರುತ್ತಿದ್ದಳು. ಬೆಳಗಿನ ಪಾಳಿಯ ಹೆಂಗಸರಿಗೆ ದಾರಿಯಲ್ಲಿ ಶೌಚಾಲಯ ಎಂಬುದೇ ಇರಲಿಲ್ಲ. ಆರಕ್ಕೆ ಹತ್ತಿದರೆ ಎರಡಕ್ಕೆ ಇಳಿಯುವುದು. ನೀರು ಕುಡಿದರೆ ತಾನೇ ತೊಂದರೆ ಎಂದು ನೀರನ್ನೇ ಕುಡಿಯದೆ, ಬಂದದ್ದನ್ನು ಹಲ್ಲುಕಚ್ಚಿ ತಡೆದು ತಡೆದು ಮೂತ್ರಕೋಶ ಕೆಟ್ಟಿತ್ತು. ಉರಿಮೂತ್ರ, ಜ್ವರ, ಮಾತ್ರೆ. ಮತ್ತೆ ಉರಿಮೂತ್ರ, ಜ್ವರ, ಮಾತ್ರೆ. ಈ ಫೆಬ್ರವರಿಯಲ್ಲಿ ಮಾತ್ರೆಗೆ ಬಗ್ಗಲಿಲ್ಲ. ಆಸ್ಪತ್ರೆಯ ವರದಿ ಕೈಗೆ ಬಂದಾಗ ಎಣಿಕೆಯಕ್ಕ ಅದರ ಮೊದಲ ಸಾಲು ಓದಿ ಅಲ್ಲೇ ಬೆಂಚಿನ ಮೇಲೆ ಕುಳಿತಳು. ಹತ್ತೊಂಬತ್ತು ವರ್ಷ ಗಾಜಿನ ಆಚೆ ಇದ್ದ ಮೊಂಡ ಅವಳ ಅಮ್ಮನ ಹೊಟ್ಟೆಯೊಳಗೆ ಕೂತಿದ್ದ.

ಇಪ್ಪತ್ತೆರಡು ದಿನ ಆಸ್ಪತ್ರೆ. ಉಳಿದಿದ್ದ ಕೊನೆಯ ಮದ್ದನ್ನು ನರಕ್ಕೆ ಏರಿಸಿದರು, ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ತಾಯಿಯ ಹಾಸಿಗೆ, ಬಟ್ಟೆ, ಬೆಡ್‌ಪ್ಯಾನ್ ಎಲ್ಲವೂ ಮಗಳ ಕೈಯಲ್ಲೇ. ಕೈಗವಸು ಒಮ್ಮೊಮ್ಮೆ ಇರುತ್ತಿತ್ತು, ಒಮ್ಮೊಮ್ಮೆ ಮುಗಿದಿರುತ್ತಿತ್ತು. ಜೂನ್‌ನಲ್ಲಿ ಜ್ವರ ಮರುಕಳಿಸಿತು, ಮತ್ತೆ ಅದೇ ಮದ್ದು. ಮದ್ದು ಮೊಂಡನಿಗೆ ಕೊಟ್ಟ ಪೆಟ್ಟಿನಲ್ಲಿ ಅರ್ಧವನ್ನು ಕಿಡ್ನಿಗೂ ಕೊಟ್ಟಿತ್ತು.

"ಇನ್ನೊಂದು ಸಲ ಈ ಮದ್ದು ಕೊಟ್ರೆ ಕಿಡ್ನಿ ತಡ್ಕೊಳ್ಳಲ್ಲ" ಎಂದರು ಡಾಕ್ಟರ್. "ನಿಮ್ಮ ಲಸಿಕೆಯ ಮುಂದಿನ ಹಂತ ಇಂಥವರಿಗೇ ಅಲ್ವಾ? ಶುರುವಾದ ದಿನವೇ ಹೇಳಿ. ನಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮ ತಾಯೀದು."

ಅಂದಿನಿಂದ ತಾಯಿ ಮಗಳನ್ನು ದಿನಾ ಸಂಜೆ ಕೇಳುವುದು ಒಂದೇ: "ನನ್ನ ಸೀಟು ಹಿಡಿದಿಟ್ಟಿದ್ದೀಯಾ?"

"ಹಿಡಿದಿದ್ದೀನಿ. ಕಿಟಕಿ ಪಕ್ಕದ್ದು."

"ಟವಲ್ ಹಾಕಿ ಇಟ್ಟಿರು. ಜನರನ್ನ ನಂಬೋಕಾಗಲ್ಲ."

ಲಸಿಕೆಯ ಎರಡನೇ ಹಂತದಲ್ಲಿ ಇನ್ನೂರು ಜನರಿಗೆ ಚುಚ್ಚಿದ್ದರು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಎಣಿಸುವವರಿಗೆ ಗೊತ್ತಾಗಬಾರದೆಂದು ಸೀಸೆಗಳ ಮೇಲೆ ಅಂಕಿ ಮಾತ್ರ ಇತ್ತು. ಮೇಯಿಂದ ಆಗಸ್ಟ್‌ವರೆಗೆ ಎಣಿಕೆಯಕ್ಕ ಎಣಿಸಿದಳು. ಸೆಪ್ಟೆಂಬರಿನಲ್ಲಿ ಗುಟ್ಟಿನ ಪಟ್ಟಿ ಒಡೆದು ನೋಡಿದಾಗ ಲಸಿಕೆಯವರಲ್ಲಿ ನೂರಕ್ಕೆ ಅರವತ್ತೆಂಟು ಜನ ಗೆದ್ದಿದ್ದರು, ಉಪ್ಪುನೀರಿನವರಲ್ಲಿ ಹನ್ನೊಂದು. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಕಾರಿಡಾರಿನಲ್ಲಿ ಓಡಿದರು. ಐವತ್ತು ದಾಟಿದ, ಮಂಡಿನೋವಿನ ಹೆಂಗಸು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಕೇಕ್ ತರಿಸಿದರು. ಮೊದಲ ತುಂಡನ್ನು ಎಣಿಕೆಯಕ್ಕನ ಬಾಯಿಗೇ ಇಟ್ಟು "ಅಕ್ಕಾ, ಇದು ನಿಮ್ಮ ರಕ್ತ, ನಿಮ್ಮ ಕಣ್ಣು" ಎಂದರು. ಮೇಡಂ ಸಂತೋಷದಲ್ಲಿದ್ದಾಗ ಮಾತ್ರ ಅಕ್ಕಾ ಎನ್ನುತ್ತಿದ್ದರು. ಮಿಕ್ಕ ದಿನ "ನೋಡಿ ಇವರೇ".

ಎಲ್ಲ ಮುಗಿಯಿತು ಎಂದುಕೊಂಡಾಗ ಒಂದು ಸಣ್ಣ ಕೆಲಸ ಬಾಕಿ ಇತ್ತು. ಖಾಲಿ ತಿಳಿಯ ಹೊಸ ಸಂಗ್ರಹ, ಈ ಸಲವಾದರೆ ಎಣಿಕೆಯಕ್ಕನೊಬ್ಬಳ ತಿಳಿ, ಬಳಸಲು ಶುರುಮಾಡುವ ಮೊದಲು, ಇಪ್ಪತ್ತು ಸೀಸೆಗಳನ್ನು ಹಳೆಯ ತಿಳಿಯಲ್ಲೊಮ್ಮೆ ಹೊಸ ತಿಳಿಯಲ್ಲೊಮ್ಮೆ ಪರೀಕ್ಷಿಸಿ ಎರಡೂ ತಾಳೆಯಾಗುತ್ತವೋ ನೋಡಬೇಕೆಂದು ನಿಯಮ. ಅದಕ್ಕೆ ಸೇತುವೆ ಕೆಲಸ ಎನ್ನುತ್ತಿದ್ದರು. ನಾಲ್ವರೂ ಸೇರಿ ಕೊಟ್ಟಿದ್ದ ಹಳೆಯ ತಿಳಿ ಫ್ರೀಜರಿನ ಮೂಲೆಯಲ್ಲಿ ಒಂದೇ ಸಲಕ್ಕಾಗುವಷ್ಟು ಉಳಿದಿತ್ತು. ಮೇ ತಿಂಗಳ ಅವಸರದಲ್ಲಿ "ಆಮೇಲೆ ಮಾಡೋಣ" ಎಂದು ಮೇಡಂ ಅಂದರು, ಇವಳೂ ಹೂಂ ಅಂದಳು. ಅಂದರೆ ಸೇತುವೆ ಕಟ್ಟುವ ಮೊದಲೇ ಇನ್ನೂರು ಜನರನ್ನು ಹೊಳೆ ದಾಟಿಸಿದ್ದರು. ಕಡತ ಮುಚ್ಚಬೇಕಾದರೆ ಆ ಹಾಳೆ ಬೇಕೆಂದು ಈಗ ನೆನಪಾಯಿತು. ಶುಕ್ರವಾರ ಎಣಿಕೆಯಕ್ಕ ಗೆದ್ದ ಇಪ್ಪತ್ತು ಸೀಸೆಗಳನ್ನು ತೆಗೆದು ತಟ್ಟೆಗಳನ್ನು ಸವರಿಟ್ಟಳು. ಶನಿವಾರ ಮಧ್ಯಾಹ್ನ ಎಣಿಸಲು ಬಂದಳು. ಕಟ್ಟಡದಲ್ಲಿ ಕಾವಲುಗಾರನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅವಳ ತಿಳಿ ಹಾಕಿದ ತಟ್ಟೆಗಳಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಗೆದ್ದಿದ್ದವು. ಹಳೆಯ ತಿಳಿಯ ತಟ್ಟೆಗಳನ್ನು ಬೋರಲು ಹಾಕಿದಳು. ಮೊದಲನೆಯದರ ತುಂಬ ಚುಕ್ಕೆ. ಎರಡನೆಯದರ ತುಂಬ ಚುಕ್ಕೆ. ಮೂರನೆಯದು ಗೆದ್ದಿತ್ತು. ಆಮೇಲೆ ಚುಕ್ಕೆ, ಚುಕ್ಕೆ, ಚುಕ್ಕೆ. ಮೊದಲಿನಿಂದ ಮತ್ತೊಮ್ಮೆ ಎಣಿಸಿದಳು. ಇಪ್ಪತ್ತರಲ್ಲಿ ಐದು ಮಾತ್ರ ಗೆದ್ದಿದ್ದವು.

ಯಾರ ತಿಳಿಯನ್ನೂ ಸೇರಿಸದೆ, ಮೊಂಡನಿಗೆ ಬರೀ ಖಾಲಿ ತಿಳಿ ಹಾಕಿದ ತಟ್ಟೆ ಪ್ರತಿ ಸಲವೂ ಒಂದಿರುತ್ತದೆ. ಅಲ್ಲಿ ಮೊಂಡ ಸಾಯಬಾರದು. ನೂರರಲ್ಲಿ ಎಪ್ಪತ್ತಾದರೂ ಬದುಕಿದ್ದರೆ ತಿಳಿ ಪಾಸು. ಹಳೆಯದರಲ್ಲಿ ತೊಂಬತ್ತಾರು ಬದುಕಿದ್ದವು. ಅವಳದರಲ್ಲಿ ಎಪ್ಪತ್ತಮೂರು.

ಎಪ್ಪತ್ತಮೂರು ಹೊಸದೇನಲ್ಲ. ಏಪ್ರಿಲ್‌ನಲ್ಲಿ ಮೊದಲ ಸಲ ನೋಡಿದಾಗ ಎಪ್ಪತ್ತನಾಲ್ಕಿತ್ತು. ಹಿಂದಿನ ವರ್ಷಗಳಲ್ಲಿ ತೊಂಬತ್ತೈದಕ್ಕಿಂತ ಕೆಳಗೆ ಇಳಿದದ್ದಿಲ್ಲ. ಪಾಸಾದದ್ದು ಪಾಸೇ ಎಂದು ಅವಳು ಟಿಕ್ ಹಾಕಿದ್ದಳು. ಉಗ್ರಾಣದವನ ರಕ್ತವನ್ನು ಮೂರು ಮೂರು ಸಲ ಪರೀಕ್ಷಿಸಿ ಹೊರಗಿಟ್ಟವಳು ತನ್ನದನ್ನು ಒಂದೇ ಸಲ ನೋಡಿ ಕಡತಕ್ಕೆ ಸೇರಿಸಿದ್ದಳು. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ. ಮನೆಯಲ್ಲಿ ಯಾರಿಗಾದರೂ ಈ ಸೋಂಕು ಇದೆಯೇ ಎಂದು ಕೇಳುವ ಫಾರಂ ತುಂಬಿದ್ದು ಜನವರಿಯಲ್ಲಿ. ಇಲ್ಲ ಎಂದು ಬರೆದಿದ್ದಳು, ಆಗ ಅದು ನಿಜವೂ ಆಗಿತ್ತು. ಫಾರಮ್ಮಿನ ಆಯಸ್ಸು ಒಂದು ವರ್ಷ. ಮಾರ್ಚ್ ತಿಂಗಳಲ್ಲಿ ಒಂದು ದಿನ ಬೆಡ್‌ಪ್ಯಾನ್ ತೊಳೆಯುತ್ತಿದ್ದಾಗ ಹೇಳಬೇಕೇನೋ ಎಂದು ಮನಸ್ಸಿಗೆ ಬಂದಿತ್ತು. ಹೇಳಿದರೆ ತನ್ನನ್ನೂ ಕೈಬಿಡುತ್ತಾರೆ, ಪರೀಕ್ಷೆ ನಿಲ್ಲುತ್ತದೆ, ಅಮ್ಮನಂಥವರಿಗೆ ಲಸಿಕೆ ತಡವಾಗುತ್ತದೆ. ನಲ್ಲಿ ತಿರುಗಿಸಿ ಇನ್ನಷ್ಟು ಜೋರಾಗಿ ನೀರು ಬಿಟ್ಟಿದ್ದಳು.

ಈಗ ಎಲ್ಲ ಅರ್ಥವಾಯಿತು. ಅಮ್ಮನ ಆರೈಕೆ ಮಾಡುವಾಗ ಮೊಂಡ ಇವಳ ಮೈಗೂ ಬಂದು ಹೋಗಿದ್ದ. ಒಂದು ಸೀನೂ ಬರಿಸದೆ ಬಂದವನನ್ನು ಇವಳ ರಕ್ತ ಗುರುತು ಹಿಡಿಯಲು ಕಲಿತಿತ್ತು. ಸ್ವಯಂಸೇವಕರ ರಕ್ತದಲ್ಲಿ ಲಸಿಕೆ ಹುಟ್ಟಿಸಿದ್ದು ಅರೆಬರೆ ಬಲ. ಅದಕ್ಕೆ ಇವಳ ಬಲ ಸೇರಿ ಮೊಂಡ ಸತ್ತಿದ್ದ, ಹೆಸರು ಲಸಿಕೆಗೆ ಬಂದಿತ್ತು.

ಎಣಿಸಿದ ತಟ್ಟೆಗಳನ್ನು ಕೆಂಪು ಚೀಲಕ್ಕೆ ಹಾಕಿ ಹಬೆಯ ಯಂತ್ರದಲ್ಲಿ ಬೇಯಿಸಿಯೇ ಎಸೆಯಬೇಕು. ಅದು ದಿನನಿತ್ಯದ ಕೆಲಸ, ಯಾರೂ ಕೇಳುವವರಿಲ್ಲ. ಆದರೆ ಫಲಿತಾಂಶ ಬರೆಯುವ ಮೊದಲು ಬೇಯಿಸುವಂತಿಲ್ಲ. ಹಾಳೆ ಖಾಲಿಯಿತ್ತು. ಅವಳ ಕಣ್ಣ ಮುಂದೆ ಕಿಡ್ನಿ ತಡೆದುಕೊಳ್ಳುವುದಿಲ್ಲ ಎಂದ ಡಾಕ್ಟರ ಮುಖವಿತ್ತು. ಚೀಲದ ಬಾಯಿ ಕಟ್ಟಿ, ಯಂತ್ರದೊಳಗಿಟ್ಟು, ಬಾಗಿಲು ಬಿಗಿದು, ಗುಂಡಿ ಒತ್ತಿದಳು. ನಲವತ್ತು ನಿಮಿಷ ಅದರ ಮುಂದೆಯೇ ಸ್ಟೂಲಿನ ಮೇಲೆ ಕುಳಿತಿದ್ದಳು. ತನ್ನ ಜೀವನದಲ್ಲಿ ಮಾಡಿದ ಅತಿ ಕೆಟ್ಟ ಕೆಲಸ ಇದು ಎಂದು ಅವಳಿಗೆ ಗೊತ್ತಿತ್ತು. ಆದರೂ ಎದ್ದು ನಿಲ್ಲಿಸಲಿಲ್ಲ.

ಭಾನುವಾರ ತಾಯಿ ಮಂಚದ ಮೇಲೆ ಕೂತು ಹಳೆಯ ಡ್ಯೂಟಿ ಚೀಲ ಒರೆಸುತ್ತಿದ್ದಳು. ಒಳಗೆ ಒಂದು ಜೊತೆ ಬಟ್ಟೆ, ಕನ್ನಡಕದ ಡಬ್ಬಿ, ಆಸ್ಪತ್ರೆಯ ಕಾಗದಗಳನ್ನು ತುಂಬಿ ಸಿದ್ಧ ಮಾಡಿದ್ದಳು.

"ನಿನ್ನೆ ಕೆಲಸದಿಂದ ಬಂದಾಗಿನಿಂದ ನೀನು ಸರಿ ಇಲ್ಲ" ಎಂದಳು.

"ಹೊಟ್ಟೆ ಕೆಟ್ಟಿದೆ ಅಷ್ಟೇ."

"ನಿನ್ನ ಮುಖ ನಂಗೊತ್ತು. ಟಿಕೆಟ್ ಇಲ್ದೆ ಹತ್ತಿದೋರು ಹೀಗೇ ಕಿಟಕಿ ಕಡೆ ತಿರುಗಿ ಕೂರೋರು." ಮಗಳು ತಿರುಗಲಿಲ್ಲ. ತಾಯಿ ಚೀಲದ ಜಿಪ್ ಎಳೆದಳು. "ಎದುರುಮನೆಯವಳ ಗಂಡನಿಗೂ ಅದೇ ಕಾಯಿಲೆಯಂತೆ ಕಣೇ. ನಲವತ್ತು ವರ್ಷ ಅಷ್ಟೇ. ನನ್ನ ಹಿಂದೆಯೇ ಅವನ ಹೆಸರೂ ಬರೆಸು ಅಂತ ಹೇಳಿದ್ದೀನಿ. ಒಂದ್ಸಲ ಚುಚ್ಚಿಸಿಕೊಂಡ್ರೆ ಆಮೇಲೆ ಭಯ ಇಲ್ಲ ಅಂತ ಧೈರ್ಯ ಹೇಳಿ ಕಳಿಸಿದೆ."

ಎಣಿಕೆಯಕ್ಕ ಈಗ ತಿರುಗಿ ಅಮ್ಮನ ಮುಖ ನೋಡಿದಳು. ಅಮ್ಮನ ಬಗ್ಗೆ ಮಾತ್ರ ಯೋಚಿಸಿದ್ದಳು. ಅಮ್ಮನಿಗೆ ಆ ಲಸಿಕೆಯಿಂದ ಹೇಗೂ ಏನೂ ಆಗುವುದಿಲ್ಲ ಎಂಬುದನ್ನೂ ಸರಿಯಾಗಿ ಯೋಚಿಸಿರಲಿಲ್ಲ. ಅವಳು ಕಾಪಾಡುತ್ತಿದ್ದುದು ಅಮ್ಮನನ್ನಲ್ಲ, ಅಮ್ಮನ ಆಸೆಯನ್ನು. ಆ ಆಸೆ ಈಗ ಮೆಟ್ಟಿಲಿಳಿದು ಎದುರುಮನೆಗೂ ಹೋಗಿತ್ತು. ಭಯವಿಲ್ಲ ಎಂದುಕೊಂಡವನು ಜ್ವರ ಬಂದಾಗ ತಡಮಾಡುತ್ತಾನೆ, ತಡಮಾಡಿದವನನ್ನು ಮೊಂಡ ಬಿಡುವುದಿಲ್ಲ.

ಸೋಮವಾರ ಒಂಬತ್ತಕ್ಕೆ ಮೇಡಂ ಕೋಣೆಯ ಬಾಗಿಲು ತಟ್ಟಿದಳು. ನಿಂತೇ ಎಲ್ಲ ಹೇಳಿದಳು: ಫೆಬ್ರವರಿಯ ಕಾಯಿಲೆ, ಮಾರ್ಚಿನ ಯೋಚನೆ, ಎಪ್ಪತ್ತನಾಲ್ಕು, ಇಪ್ಪತ್ತರಲ್ಲಿ ಐದು. ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ತಟ್ಟೆ ಎಲ್ಲಿ?"

"ಬೇಯಿಸಿಬಿಟ್ಟೆ."

"ಬರೆದಿಟ್ಟಿದ್ದೀರಾ?"

"ಇಲ್ಲ."

"ಹಳೇ ತಿಳಿ?"

"ಒಂದು ಹನಿಯೂ ಉಳಿದಿಲ್ಲ."

ಮೇಡಂ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಮುಖ ಕೆಂಪಾಗಿತ್ತು. "ನೋಡಿ ಇವರೇ. ನನ್ನ ಹನ್ನೊಂದು ವರ್ಷದ ಕೆಲಸ ಇದು. ನಾಡಿದ್ದು ಮೂರನೇ ಹಂತದ ಕಾಗದಕ್ಕೆ ಸಹಿ. ಈಗ ಬಂದು, ಎಲ್ಲ ಸುಳ್ಳು, ಪುರಾವೆ ನಾನೇ ಬೇಯಿಸಿದೆ ಅಂತೀರಿ. ಬರೀ ನಿಮ್ಮ ಬಾಯಿಮಾತು ಹಿಡ್ಕೊಂಡು ನಾನು ಮೇಲಿನವರಿಗೆ ಏನಂತ ಬರೀಲಿ? ಎಲ್ಲಿದೆ ಪುರಾವೆ?"

ಎಣಿಕೆಯಕ್ಕ ಕೋಟಿನ ಎಡತೋಳನ್ನು ಮೊಣಕೈ ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿದಳು.

ಮೇಡಂ ಆ ಕೈಯನ್ನು ನೋಡುತ್ತ ನಿಂತರು. ಮೊಣಕೈಯ ಮಡಿಕೆಯಲ್ಲಿ ಹತ್ತೊಂಬತ್ತು ವರ್ಷದ ಸೂಜಿಯ ಕಲೆಗಳಿದ್ದವು. ಆಮೇಲೆ ಫೋನೆತ್ತಿ ರಕ್ತ ತೆಗೆಯುವ ನರ್ಸಮ್ಮನನ್ನು ಕರೆದರು.

ಈ ಸಲ ಪರೀಕ್ಷೆಯನ್ನು ಮೇಡಂ ತಾವೇ ಮಾಡಿದರು, ಇವಳನ್ನು ಕೋಣೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಇವಳ ತಿಳಿಯನ್ನು ಸ್ವಯಂಸೇವಕರದ್ದರಂತೆ ಬೆಚ್ಚಗೆ ಮಾಡಿ, ಹೊಡೆಯುವವನಿಗಾಗಿ ಹೊರಗಿನಿಂದ ತರಿಸಿದ್ದ ಮೊಲದ ಮರಿಯ ತಿಳಿ ಹಾಕಿದರು. ಈ ಕೆಲಸಕ್ಕೆ ಅದು ಒರಟು ಸಾಮಗ್ರಿ, ಆದರೆ ಹೌದೋ ಅಲ್ಲವೋ ಹೇಳಲು ಸಾಕು. ಮಂಗಳವಾರ ಬೆಳಿಗ್ಗೆ ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಣಿಕೆಯಕ್ಕ ಗಾಜಿನ ಬಾಗಿಲಾಚೆ ನಿಂತಿದ್ದಳು. ಅಷ್ಟು ದೂರದಿಂದಲೂ ಅವಳಿಗೆ ಎಣಿಸಲು ಬಂತು. ಎಣಿಸಲು ಏನೂ ಇರಲಿಲ್ಲ. ತಟ್ಟೆ ತೊಳೆದಿಟ್ಟಷ್ಟು ಶುಭ್ರವಾಗಿತ್ತು.

ಮೇಡಂ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಬಹಳ ಹೊತ್ತು ಕೈಯಲ್ಲಿ ತಟ್ಟೆ ತಿರುಗಿಸುತ್ತಿದ್ದರು.

"ನಿಮ್ಮ ರಕ್ತ ನನ್ನ ಲಸಿಕೆಗಿಂತ ಚೆನ್ನಾಗಿ ಕೆಲಸ ಮಾಡ್ತಿದೆಯಲ್ರೀ" ಎಂದು ನಕ್ಕರು. ಅದು ನೋಡಲಾಗದ ನಗುವಾಗಿತ್ತು.

"ಮೇಡಂ, ತಪ್ಪಾಯ್ತು."

"ತಪ್ಪು ನಿಮ್ಮೊಬ್ಬರದೇ ಅಲ್ಲ. ಆಮೇಲೆ ಮಾಡೋಣ ಅಂದವಳು ನಾನು." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಹೊಸಬರ ರಕ್ತ ಹುಡುಕಿ ಇನ್ನೂರು ಸೀಸೆನೂ ಮತ್ತೆ ಮಾಡಬೇಕು. ಇಪ್ಪತ್ತರಲ್ಲಿ ಐದು ಅಂದ್ರೆ ಏನು ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮೂರನೇ ಹಂತ ಈಗ ಇಲ್ಲ. ಲಸಿಕೆಯನ್ನೇ ತಿದ್ದಬೇಕು, ಮೂರು ವರ್ಷ, ನಾಲ್ಕು ವರ್ಷ. ನೀವು ಇವತ್ತಿನಿಂದ ಎಣಿಸೋ ಹಾಗಿಲ್ಲ. ತಟ್ಟೆ ಬೇಯಿಸಿದ್ದನ್ನ ನಾನು ಮೇಲಕ್ಕೆ ಬರೀಲೇಬೇಕು, ಕೆಲಸದ ಬಗ್ಗೆ ಅವರು ಏನು ಹೇಳ್ತಾರೋ."

"ಬರೀರಿ ಮೇಡಂ."

ಎದ್ದು ಹೊರಟವಳನ್ನು ಮೇಡಂ ಮತ್ತೆ ಕರೆದರು. "ನಾಳೆ ಇನ್ನೊಂದು ಸೀಸೆ ರಕ್ತ ಕೊಡ್ತೀರಾ? ನಿಮ್ಮ ರಕ್ತ ಮೊಂಡನ ಯಾವ ಭಾಗವನ್ನ ಹಿಡಿದಿದೆ ಅಂತ ನೋಡಬೇಕು. ನಮ್ಮ ಲಸಿಕೆ ಹಿಡಿದಿದ್ದು ಅದನ್ನಲ್ಲ ಅಂತ ಕಾಣುತ್ತೆ. ಏನೂ ಸಿಗದೆಯೂ ಹೋಗಬಹುದು. ನಿಮ್ಮ ತಾಯಿಗೆ ಆಸೆ ಹುಟ್ಟಿಸಬೇಡಿ. ಅವರಿಗೆ ಇದು ಸಮಯಕ್ಕೆ ಸಿಗಲ್ಲ."

ಸಮಯಕ್ಕೆ ಸಿಗಲ್ಲ. ಆ ಮಾತನ್ನು ಮಡಿಲಲ್ಲಿ ಕೆಂಡದ ಹಾಗೆ ಕಟ್ಟಿಕೊಂಡು ಅವಳು ಮನೆಗೆ ನಡೆದಳು. ಎರಡು ಬಸ್ಸು ಬಂದವು, ಹತ್ತಲಿಲ್ಲ.

ಬಾಗಿಲು ತೆಗೆದಾಗ ತಾಯಿ ಮಂಚದ ಅಂಚಿನಲ್ಲಿ ಕೂತಿದ್ದಳು. "ಬಂದ್ಯಾ? ಏಳೋಕೆ ಕೈ ಕೊಡು. ಸೊಂಟ ಹಿಡ್ಕೊಂಡಿದೆ."

ಮಗಳು ಕೈ ಕೊಡಲಿಲ್ಲ. ಚಪ್ಪಲಿಯನ್ನೂ ಬಿಡದೆ, ಬಾಗಿಲ ಬಳಿಯೇ ನಿಂತು, ಹೇಳಲು ಶುರುಮಾಡಿದಳು. ಒಮ್ಮೆ ಕೂತರೆ ಹೇಳಲಾಗುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಖಾಲಿ ತಿಳಿ, ತನ್ನ ರಕ್ತ, ತಟ್ಟೆ ಬೇಯಿಸಿದ್ದು. ತಾಯಿ ಕಣ್ಣು ಕಿರಿದು ಮಾಡಿ ಕೇಳಿದಳು. ಸೀಟಿನ ವಿಷಯ ಬರುವ ಮೊದಲೇ ಕೈಯೆತ್ತಿ ತಡೆದಳು.

"ಇರು ಇರು. ನನ್ನ ಕಾಯಿಲೆ ನಿನಗೂ ಅಂಟಿಕೊಂಡಿದೆ ಅಂತೀಯಾ?"

"ಅಂಟಿಕೊಂಡು ಹೋಗಿದೆ. ನಂಗೇನೂ ಆಗಿಲ್ಲಮ್ಮ."

"ನನ್ನಿಂದ."

"ಅಮ್ಮಾ, ಕೇಳು ಇಲ್ಲಿ..."

"ನನ್ನಿಂದ ತಾನೇ? ನನ್ನ ಬಟ್ಟೆ ಒಗೆದು, ನನ್ನ ಹೊಲಸು ಬಾಚಿ." ತಾಯಿಯ ಧ್ವನಿ ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಮಗಳು ಹತ್ತಿರ ಬಂದರೆ ಕಾಲನ್ನು ಹಿಂದಕ್ಕೆಳೆದುಕೊಂಡಳು. "ಮುಟ್ಟಬೇಡ. ದೂರ ನಿಲ್ಲು. ಇವತ್ತಿಂದ ನನ್ನದೆಲ್ಲ ನಾನೇ ನೋಡ್ಕೋತೀನಿ."

ಮಂಚದ ಕಂಬಿ ಹಿಡಿದು ತಾನೇ ಎದ್ದಳು. ಗೋಡೆ ಹಿಡಿದು, ಕುರ್ಚಿ ಹಿಡಿದು ಬಚ್ಚಲಮನೆಯವರೆಗೆ ನಡೆದು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಓಡುವ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಂತು ಚಿಲ್ಲರೆ ಕೊಡುತ್ತಿದ್ದ ಹೆಂಗಸು. ಒಳಗೆ ಬಕೆಟ್ ಸರಿದ ಸದ್ದಾಯಿತು, ತಂಬಿಗೆ ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ.

"ಅಮ್ಮಾ."

ಮಗಳು ಬಾಗಿಲು ತಟ್ಟಿದಳು.

"ಅಮ್ಮಾ, ಬಿದ್ದೆಯಾ?"

"ಇಲ್ಲ." ಸ್ವಲ್ಪ ಹೊತ್ತಿನ ಮೇಲೆ, "ಕೂತಿದ್ದೀನಿ. ಏಳೋಕಾಗ್ತಿಲ್ಲ. ನೀನು ಬರಬೇಡ, ಎದುರುಮನೆಯವಳನ್ನ ಕರಿ."

ಎಣಿಕೆಯಕ್ಕ ಬಾಗಿಲಿಗೆ ಹಣೆ ಆನಿಸಿದಳು. ಮೂರು ದಿನದಿಂದ ತಡೆದಿದ್ದ ಅಳು ಈಗ ಬಂತು. ಅವಳು ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

"ಅವಳನ್ನ ಕರೆದ್ರೆ ಅವಳಿಗೆ ಅಂಟುತ್ತೆ. ನರ್ಸನ್ನ ಕರೆದ್ರೆ ನರ್ಸಿಗೆ ಅಂಟುತ್ತೆ. ನನಗೆ ಅಂಟಿ ಆಗಿದೆ, ನನ್ನ ರಕ್ತ ಅವನನ್ನ ಒಂದೂ ಉಳಿಯದ ಹಾಗೆ ಕೊಂದು ಹಾಕಿದೆ, ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೆ. ಈ ಊರಲ್ಲಿ ಹೆದರಿಕೆ ಇಲ್ಲದೆ ನಿನ್ನನ್ನ ಮುಟ್ಟೋಕೆ ಆಗೋದು ನನಗೊಬ್ಬಳಿಗೇ ಕಣಮ್ಮ. ಚಿಲಕ ತೆಗಿ."

ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು. ತಾಯಿ ಕೂತಲ್ಲಿಂದಲೇ ಕೈ ಚಾಚಿ ತೆಗೆದಿದ್ದಳು. ಮಗಳು ಬಗ್ಗಿ ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಎಷ್ಟು ಹಗುರವಾಗಿದ್ದಾಳೆ ಎಂದು ಆಗ ಗೊತ್ತಾಯಿತು.

ಬಾಗಿಲು ದಾಟುವಾಗ ತಾಯಿ ನಿಂತಳು. ಮುಖ ನೋಡದೆ ಕೇಳಿದಳು. "ನನ್ನ ಸೀಟು?"

"ಇಲ್ಲಮ್ಮ."

"ಎದುರುಮನೆಯವನಿಗೆ?"

"ಅವನಿಗೂ ಇಲ್ಲ. ಯಾರಿಗೂ ಇಲ್ಲ."

"ನಾಳೆ ಬೆಳಿಗ್ಗೆ ನಾನೇ ಅವಳಿಗೆ ಹೇಳ್ತೀನಿ. ಧೈರ್ಯ ಹೇಳಿದ್ದು ನಾನು." ತಾಯಿ ಮಗಳ ಭುಜದ ಮೇಲೆ ತನ್ನ ಕೈ ಹಾಕಿದಳು, ಮಂಚದ ಕಡೆ ನೋಡಿದಳು, ಉಸಿರು ಬಿಟ್ಟಳು. "ಸೀಟಿಲ್ಲದಿದ್ರೆ ನಿಂತ್ಕೊಂಡು ಹೋಗೋದಪ್ಪ, ಏನ್ಮಾಡೋದು. ಗಟ್ಟಿಯಾಗಿ ಹಿಡ್ಕೋ."

ಮಗಳು ಗಟ್ಟಿಯಾಗಿ ಹಿಡಿದುಕೊಂಡಳು.